ಪರಾನಾದ ಚಳಿ, ಡಾಕ್ ಲಾಕ್‌ನ ಬರ, ಮೈಸೂರಿನ ಕಾಫಿ ಪುಡಿ

ಪ್ರಶ್ನೆ: ಮೈಸೂರಿನಲ್ಲಿ ನಮ್ಮದೊಂದು ಸಣ್ಣ ಕಾಫಿ ಪುಡಿ ಅಂಗಡಿ ಇದೆ. ತಂದೆಯ ಕಾಲದಿಂದಲೂ ಬೀಜ ಹುರಿದು, ಗಿರಾಕಿಯ ಎದುರಿಗೇ ಬೀಸಿ ಕೊಡುತ್ತೇವೆ. ಈಚಿನ ಕೆಲವು ವರ್ಷಗಳಲ್ಲಿ ಬೀಜದ ದರ ಏರಿದ ರೀತಿ ನೋಡಿ ತಲೆ ತಿರುಗುತ್ತಿದೆ. ಕೇಳಿದರೆ ಬ್ರೆಜಿಲ್‌ನಲ್ಲಿ ಬರ, ವಿಯೆಟ್ನಾಂನಲ್ಲಿ ಬರ, ಕೆಂಪು ಸಮುದ್ರದಲ್ಲಿ ಗಲಾಟೆ, ಅಮೆರಿಕದ ಸುಂಕ ಎನ್ನುತ್ತಾರೆ. ಕೊಡಗು ನಮ್ಮಿಂದ ಮೂರು ಗಂಟೆಯ ದಾರಿ. ಅಲ್ಲಿ ಬೆಳೆದ ಬೀಜಕ್ಕೂ ಬ್ರೆಜಿಲ್‌ಗೂ ಏನು ಸಂಬಂಧ? ಇದೆಲ್ಲ ವ್ಯಾಪಾರಿಗಳ ಆಟವಲ್ಲವೇ? 'ನಮ್ಮ ಕಾಲದಲ್ಲಿ ಹೀಗಿರಲಿಲ್ಲ' ಎನ್ನುತ್ತಾರೆ ತಂದೆ. ಗಿರಾಕಿಗಳಿಗೆ ನಾನು ಏನು ಹೇಳಲಿ?

ಉತ್ತರ: ನಿಮ್ಮ ತಂದೆಯವರ ಮಾತಿನಿಂದಲೇ ಶುರು ಮಾಡುತ್ತೇನೆ. ಹಿರಿಯರು 'ನಮ್ಮ ಕಾಲದಲ್ಲಿ' ಎಂದಾಗ ನಾವು ಕಿವಿ ಮುಚ್ಚಿಕೊಳ್ಳುವುದೇ ಹೆಚ್ಚು. ಆದರೆ ಈ ವಿಷಯದಲ್ಲಿ ಅವರು ಹೇಳಿದ್ದು ಅಕ್ಷರಶಃ ನಿಜ.

ಎರಡನೇ ಮಹಾಯುದ್ಧದಲ್ಲಿ ಯುರೋಪಿನ ಮಾರುಕಟ್ಟೆ ಮುಚ್ಚಿಹೋಗಿ ನಮ್ಮ ಕಾಫಿಯನ್ನು ಕೇಳುವವರೇ ಇಲ್ಲದಂತಾಯಿತು. ಬೆಳೆಗಾರರನ್ನು ಉಳಿಸಲು 1942ರಲ್ಲಿ ಕಾನೂನು ಬಂತು. ಅಲ್ಲಿಂದ ಅರ್ಧ ಶತಮಾನ, ಬೆಳೆಗಾರ ತನ್ನ ಕಾಫಿಯನ್ನು ತನಗೆ ಬೇಕಾದವರಿಗೆ ಮಾರುವಂತಿರಲಿಲ್ಲ. ಕಾಫಿ ಮಂಡಳಿಯ ಪೂಲ್‌ಗೆ, ಅಂದರೆ ಎಲ್ಲರ ಕಾಫಿಯನ್ನೂ ಸೇರಿಸುವ ಒಟ್ಟು ರಾಶಿಗೆ, ಒಪ್ಪಿಸಬೇಕಿತ್ತು. ಮಂಡಳಿ ಅದರಲ್ಲಿ ಒಂದಷ್ಟನ್ನು ದೇಶದೊಳಗಿನ ಮಾರಾಟಕ್ಕೆ, ಒಂದಷ್ಟನ್ನು ರಫ್ತಿಗೆ ಎಂದು ಬೇರೆಬೇರೆಯಾಗಿ ಬಿಡುತ್ತಿತ್ತು. ಬೆಳೆಗಾರನಿಗೆ ಹಣ ಕಂತುಕಂತಾಗಿ, ತೆವಳಿಕೊಂಡು ಬರುತ್ತಿತ್ತು. ಅವನಿಗೆ ಅದು ಸುಖದ ಕಾಲವೇನಲ್ಲ. ಆದರೆ ಹೊರಗಿನ ಪ್ರವಾಹಕ್ಕೂ ನಿಮ್ಮ ಅಂಗಡಿಗೂ ನಡುವೆ ಒಂದು ತೂಬು ಇತ್ತು, ಅದರ ಕೀಲಿ ಬೆಂಗಳೂರಿನ ಒಂದು ಕಚೇರಿಯಲ್ಲಿತ್ತು.

ಆ ತೂಬು ಕಿತ್ತುಹೋದದ್ದಕ್ಕೂ ರಾಜಕೀಯವೇ ಒಂದು ಕಾರಣ. ಕಾಫಿ ರಫ್ತು ಮಾಡುವ ದೇಶಗಳು ಇಂತಿಷ್ಟೇ ಮಾರಬೇಕೆಂದು ಕೋಟಾ ಹಾಕಿಕೊಂಡಿದ್ದ ಅಂತಾರಾಷ್ಟ್ರೀಯ ಒಪ್ಪಂದ 1989ರಲ್ಲಿ ಮುರಿದುಬಿತ್ತು. ಎರಡು ವರ್ಷದಲ್ಲಿ ಸೋವಿಯತ್ ಒಕ್ಕೂಟವೇ ಇಲ್ಲವಾಯಿತು. ರೂಪಾಯಿ ಲೆಕ್ಕದಲ್ಲಿ ನಮ್ಮ ಕಾಫಿಯನ್ನು ಚೌಕಾಸಿ ಇಲ್ಲದೆ ಕೊಳ್ಳುತ್ತಿದ್ದ ದೊಡ್ಡ ಗಿರಾಕಿ ಅದು. ಪೂಲ್ ವ್ಯವಸ್ಥೆಯ ಒಂದು ಕಂಬವೇ ಕುಸಿದಂತಾಗಿ, 1992ರಿಂದ ಹಂತಹಂತವಾಗಿ ಸಡಿಲಗೊಂಡು 1996ರ ಹೊತ್ತಿಗೆ ಬೆಳೆಗಾರ ಪೂರ್ತಿ ಸ್ವತಂತ್ರನಾದ. ಸ್ವತಂತ್ರ ಎಂದರೆ ಬ್ರೆಜಿಲ್‌ನ ಹವಾಮಾನಕ್ಕೆ ನೇರವಾಗಿ ಒಡ್ಡಿಕೊಂಡ ಎಂದೂ ಅರ್ಥ.

ಮೊದಮೊದಲು ಅದು ಹಬ್ಬದಂತೆಯೇ ಇತ್ತು. 1994ರ ಜೂನ್, ಜುಲೈನಲ್ಲಿ ಬ್ರೆಜಿಲ್‌ನ ಕಾಫಿ ಸೀಮೆಗೆ ಎರಡು ಸಲ ಹಿಮದ ಹೊಡೆತ ಬಿತ್ತು. ಅಲ್ಲಿ ಅದು ಚಳಿಗಾಲ. ಗಿಡಗಳು ಸುಟ್ಟವು, ದರ ಚಿಮ್ಮಿತು. ಮಲೆನಾಡಿನಲ್ಲಿ ಆಗತಾನೇ ಅಷ್ಟಿಷ್ಟು ಮಾರುವ ಸ್ವಾತಂತ್ರ್ಯ ಸಿಕ್ಕಿದ್ದವರ ಕೈಗೆ ಕಂಡರಿಯದ ಹಣ ಬಂತು.

ಈಗ ಲೆಕ್ಕಕ್ಕೆ ಬರೋಣ. ಭಾರತದ ಕಾಫಿ ವರ್ಷಕ್ಕೆ ಸುಮಾರು ಮೂರೂವರೆ ಲಕ್ಷ ಟನ್. ಅದರಲ್ಲಿ ಶೇ 70ರಷ್ಟು ಕರ್ನಾಟಕದ್ದು. ದೇಶದ ಬೆಳೆಯಲ್ಲಿ ಮುಕ್ಕಾಲರ ಸಮೀಪ ಹೊರದೇಶಕ್ಕೆ ಹೋಗುತ್ತದೆ. ಕಾಫಿಯ ಎರಡು ಮುಖ್ಯ ಜಾತಿಗಳಲ್ಲಿ ರೋಬಸ್ಟಾದ ಜಾಗತಿಕ ದರ ಲಂಡನ್‌ನಲ್ಲಿ, ಅರೇಬಿಕಾದ್ದು ನ್ಯೂಯಾರ್ಕ್‌ನಲ್ಲಿ ನಿಗದಿಯಾಗುತ್ತದೆ. ಲಂಡನ್‌ನಲ್ಲಿ ರೋಬಸ್ಟಾ ಟನ್ನಿಗೆ 5,000 ಡಾಲರ್ ಇದೆ ಎಂದಿಟ್ಟುಕೊಳ್ಳಿ (2024ರ ಕೊನೆ, 2025ರ ಆರಂಭದಲ್ಲಿ ಅದನ್ನೂ ದಾಟಿತ್ತು). ಡಾಲರ್‌ಗೆ 86 ರೂಪಾಯಿ ಎಂದು ಹಿಡಿದರೆ ಕೆ.ಜಿ.ಗೆ 430 ರೂಪಾಯಿ. ಕೊಡಗಿನಲ್ಲಿ ರೋಬಸ್ಟಾ ಚೆರಿಯ (ಸಿಪ್ಪೆ ಸಮೇತ ಒಣಗಿಸಿದ ಹಣ್ಣು) ವ್ಯಾಪಾರ ನಡೆಯುವುದು 50 ಕೆ.ಜಿ. ಚೀಲದ ಮೇಲೆ, ಅದೂ ಔಟ್‌ಟರ್ನ್ ನೋಡಿ. ಚೀಲದ ಒಣ ಚೆರಿಯ ಸಿಪ್ಪೆ ತೆಗೆದರೆ ಎಷ್ಟು ಕೆ.ಜಿ. ಬೀಜ ಉಳಿಯುತ್ತದೆಯೋ ಅದೇ ಔಟ್‌ಟರ್ನ್. ಅದು 26 ಬಂದರೆ ಲಂಡನ್ ಲೆಕ್ಕದಲ್ಲಿ ಒಂದು ಚೀಲಕ್ಕೆ 11,180 ರೂಪಾಯಿ. ಇದರಲ್ಲಿ ಕ್ಯೂರಿಂಗ್ (ಸಿಪ್ಪೆ ತೆಗೆದು ಬೀಜ ಹಸನು ಮಾಡುವ ಕೆಲಸ), ಸಾಗಣೆ, ವ್ಯಾಪಾರಿಯ ಪಾಲು ಕಳೆಯಬೇಕು. ಒಳ್ಳೆಯ ಕಾಫಿಯಾದರೆ ಸ್ವಲ್ಪ ಕೂಡಿಸಬೇಕು. ಸುಂಟಿಕೊಪ್ಪದ ಬೆಳೆಗಾರ ಬೆಳಿಗ್ಗೆ ಎದ್ದು ಮೊಬೈಲ್‌ನಲ್ಲಿ ಲಂಡನ್ ದರ ನೋಡುವುದು ಶೋಕಿಗಲ್ಲ. ಆ ಬೀಜಕ್ಕೆ ಇಟಲಿಯ ಹುರಿಯುವವನು 430 ಕೊಡಲು ತಯಾರಿರುವಾಗ, ಮೈಸೂರು ಹತ್ತಿರ ಎಂಬ ಪ್ರೀತಿಗೆ ನಿಮಗೆ 250ಕ್ಕೆ ಯಾರು ಕೊಡುತ್ತಾರೆ? ಮೂರು ಗಂಟೆಯ ದಾರಿಯಿಂದ ನಿಮಗೆ ಉಳಿಯುವುದು ಲಾರಿ ಬಾಡಿಗೆ ಮಾತ್ರ.

ಇಷ್ಟು ಹೇಳಿದರೆ ನಿಮ್ಮ ಪ್ರಶ್ನೆಗೆ ಅರ್ಧ ಉತ್ತರ. ಉಳಿದರ್ಧಕ್ಕೆ ಒಂದು ಹಳೆಯ ಕಥೆ ಹೇಳಬೇಕು. ಪಾಠ ಹೇಳುವಾಗ ನಾನು ಇದನ್ನು ಬಿಟ್ಟ ವರ್ಷವೇ ಇಲ್ಲ.

1975ರ ಜುಲೈನಲ್ಲಿ ದಕ್ಷಿಣ ಬ್ರೆಜಿಲ್‌ನ ಪರಾನಾ ರಾಜ್ಯದಲ್ಲಿ ಎಂಥ ಹಿಮ ಕಟ್ಟಿತೆಂದರೆ ಅಲ್ಲಿನ ಕಾಫಿ ತೋಟಗಳು ಹೆಚ್ಚುಕಡಿಮೆ ಎಲ್ಲವೂ ಕರಕಲಾದವು. ಆ ವರ್ಷದ ಕೊಯ್ಲು ಬಹುಪಾಲು ಮುಗಿದಿತ್ತು. ನೆಲ ಕಚ್ಚಿದ್ದು ಮರುವರ್ಷದ ಬೆಳೆ. ಅದೇ ಹೊತ್ತಿಗೆ ಕಾಫಿಯ ಇನ್ನೊಂದು ದೊಡ್ಡ ಸೀಮೆ ಅಂಗೋಲಾದಲ್ಲಿ ಅಂತರ್ಯುದ್ಧ ಶುರುವಾಯಿತು. 1976ರ ಫೆಬ್ರವರಿಯಲ್ಲಿ ಗ್ವಾಟೆಮಾಲಾದಲ್ಲಿ ಭೂಕಂಪ. ಒಂದು ಹವಾಮಾನ, ಒಂದು ರಾಜಕೀಯ, ಒಂದು ಭೂಮಿಯೊಳಗಿನದು. ಮೂರೂ ಒಂದೇ ತಕ್ಕಡಿಯ ತಟ್ಟೆಗೆ ಬಿದ್ದವು. 1977ರಲ್ಲಿ ಅರೇಬಿಕಾ ಪೌಂಡಿಗೆ (ಸುಮಾರು 450 ಗ್ರಾಂ) ಮೂರು ಡಾಲರ್ ದಾಟಿತು. ಆ ದಾಖಲೆ ಮುರಿಯಲು 2024ರ ಡಿಸೆಂಬರ್ ಬರಬೇಕಾಯಿತು.

ಈ ಏಟು ಎಲ್ಲಿ ಬಿತ್ತು ನೋಡಿ. ಪೂರ್ವ ಜರ್ಮನಿಯಲ್ಲಿ. ಕಮ್ಯುನಿಸ್ಟ್ ಸರ್ಕಾರ, ಹೊರದೇಶದಿಂದ ಕಾಫಿ ತರಲು ಡಾಲರ್ ಬೇಕು, ಡಾಲರ್ ಇಲ್ಲ. 1977ರಲ್ಲಿ ಅಲ್ಲಿನ ಸರ್ಕಾರ ಅಗ್ಗದ ಕಾಫಿಯನ್ನು ಅಂಗಡಿಗಳಿಂದ ತೆಗೆದು 'ಕಾಫೆ ಮಿಕ್ಸ್' ಎಂಬ ಪುಡಿ ಬಿಟ್ಟಿತು: ಶೇ 51 ಕಾಫಿ, ಉಳಿದದ್ದು ಚಿಕೋರಿ, ರೈ ಕಾಳು ಇತ್ಯಾದಿ. ಜನ ರೇಗಿದರು. ದೂರಿನ ಪತ್ರಗಳು ರಾಶಿ ಬಿದ್ದವು. ಪಶ್ಚಿಮ ಜರ್ಮನಿಯ ಒಂದು ಪ್ರಸಿದ್ಧ ಕಾಫಿಯ ಹೆಸರಿನಲ್ಲಿ 'ಕಿರೀಟಧಾರಣೆ' ಎಂಬ ಪದವಿತ್ತು. ಈ ಕಲಬೆರಕೆಗೆ ಜನ ತಮ್ಮ ನಾಯಕ ಎರಿಕ್ ಹೊನೆಕರ್‌ನ ಹೆಸರು ಸೇರಿಸಿ 'ಎರಿಕ್‌ನ ಕಿರೀಟಧಾರಣೆ' ಎಂದು ಗೇಲಿ ಮಾಡಿದರು. (ಇಲ್ಲಿ ನಿಮಗೆ ನಗು ಬರಬಹುದು. ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇ 51 ಕಾಫಿ ಇರಬೇಕು ಎಂಬುದೇ ನಮ್ಮ ದೇಶದ ನಿಯಮವೂ ಹೌದು. ಅವರು ದಂಗೆ ಏಳುವಷ್ಟು ಸಿಟ್ಟಾದ ಪುಡಿಯನ್ನು ನಾವು ಡಿಕಾಕ್ಷನ್ ಗಟ್ಟಿಯಾಗಿದೆ ಎಂದು ಚಪ್ಪರಿಸುತ್ತೇವೆ.)

ಸರ್ಕಾರ ಹೆದರಿತು. ಇಥಿಯೋಪಿಯಾಕ್ಕೆ ಶಸ್ತ್ರ ಕೊಟ್ಟು ಕಾಫಿ ತಂದಿತು. ಅದು ಸಾಲದೆ, 1980ರಲ್ಲಿ ವಿಯೆಟ್ನಾಂ ಜೊತೆ ಒಪ್ಪಂದ ಮಾಡಿಕೊಂಡಿತು: ನಾವು ಯಂತ್ರ, ಲಾರಿ, ನೀರಾವರಿ ಸಲಕರಣೆ ಕೊಡುತ್ತೇವೆ, ಜನರನ್ನು ತರಬೇತು ಮಾಡುತ್ತೇವೆ, ನೀವು ಡಾಕ್ ಲಾಕ್ ಎತ್ತರದ ಸೀಮೆಯಲ್ಲಿ ಕಾಫಿ ಬೆಳೆದು ಇಪ್ಪತ್ತು ವರ್ಷ ಅರ್ಧ ಬೆಳೆ ನಮಗೆ ಕೊಡಿ. ಗಿಡಗಳು ಚೆನ್ನಾಗಿ ಫಲ ಕೊಡುವ ಹೊತ್ತಿಗೆ ಬರ್ಲಿನ್ ಗೋಡೆ ಬಿದ್ದು, 1990ರಲ್ಲಿ ಪೂರ್ವ ಜರ್ಮನಿ ಎಂಬ ದೇಶವೇ ನಕ್ಷೆಯಲ್ಲಿ ಇರಲಿಲ್ಲ. ಗಿಡಗಳು ಮಾತ್ರ ಇದ್ದವು.

ವಿಯೆಟ್ನಾಂನ ಕಾಫಿಯೆಲ್ಲ ಜರ್ಮನರ ಕೃಪೆ ಎಂದರೆ ತಪ್ಪಾಗುತ್ತದೆ. 1986ರ ಆರ್ಥಿಕ ಸುಧಾರಣೆ, ರೈತರಿಗೆ ಸಿಕ್ಕ ಭೂಮಿ, ಬಯಲಿನಿಂದ ಬೆಟ್ಟಕ್ಕೆ ವಲಸೆ ಬಂದ ಲಕ್ಷಾಂತರ ಜನ, ಇವೇ ದೊಡ್ಡ ಕಾರಣಗಳು. 1994ರ ಬ್ರೆಜಿಲ್ ಹಿಮದಿಂದ ಏರಿದ ದರ ನಮ್ಮವರಿಗಷ್ಟೇ ಅಲ್ಲ, ಅವರಿಗೂ ಕಣ್ಣು ಕುಕ್ಕಿತ್ತು. ಲೆಕ್ಕಕ್ಕೇ ಇಲ್ಲದ ದೇಶ 2000ದ ಹೊತ್ತಿಗೆ ಕೊಲಂಬಿಯಾವನ್ನು ಹಿಂದೆ ಹಾಕಿ ಎರಡನೇ ಸ್ಥಾನಕ್ಕೆ ಬಂತು. ಜಗತ್ತಿಗೆ ರೋಬಸ್ಟಾ ಸುರಿಯಿತು. 2001ರಲ್ಲಿ ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಪೌಂಡಿಗೆ ಅರ್ಧ ಡಾಲರ್‌ಗೂ ಕೆಳಗೆ ಇಳಿಯಿತು.

ಆ ಸುಗ್ಗಿಯಲ್ಲಿ ಸಕಲೇಶಪುರದ ಕಡೆ ನಮ್ಮ ಸೋದರಮಾವನ ತೋಟಕ್ಕೆ ಹೋಗಿದ್ದೆ. ಎಂಟು ಎಕರೆ ರೋಬಸ್ಟಾ. ಕಣದಲ್ಲಿ ಚೆರಿ ಹರವಿತ್ತು. ಮಾವ ಒಂದು ಹಿಡಿ ತೆಗೆದು ಕಿವಿಯ ಬಳಿ ಅಲ್ಲಾಡಿಸಿದರು. ಗಲಗಲ ಎಂದರೆ ಒಣಗಿದೆ ಎಂದು ಲೆಕ್ಕ. ಆಮೇಲೆ ಅದನ್ನು ಕಣಕ್ಕೇ ಎಸೆದು, 'ನೀನು ಅರ್ಥಶಾಸ್ತ್ರ ಓದಿದವನಲ್ಲವೇನಪ್ಪ, ಇದನ್ನು ಕೊಯ್ದದ್ದು ತಪ್ಪೋ ಬಿಟ್ಟಿದ್ದರೆ ತಪ್ಪೋ ಹೇಳು' ಎಂದರು. ಕೊಯ್ಲಿನ ಕೂಲಿ ಲೆಕ್ಕ ಹಾಕಿದರೆ ಹಣ್ಣನ್ನು ಗಿಡದಲ್ಲೇ ಬಿಡುವುದು ಅಗ್ಗ. ಬಿಟ್ಟರೆ ಕಾಯಿಕೊರಕ ಬಂದು ಮುಂದಿನ ವರ್ಷದ ಬೆಳೆಯೂ ಹೋಗುತ್ತದೆ. ನನ್ನ ಬಳಿ ಉತ್ತರವಿರಲಿಲ್ಲ. ಕೊನೆಗೆ ತೋಟದ ಸಾಲ ತೀರಿಸಲು ಅವರು ಮೂರು ಎಕರೆ ಮಾರಿದರು. ಅವರು ವಿಯೆಟ್ನಾಂ ಅನ್ನು ಬೈಯುತ್ತಿದ್ದರು. ಪರಾನಾದ ಚಳಿ, ಬರ್ಲಿನ್‌ನ ಕೆಟ್ಟ ಕಾಫಿ ಇವೆಲ್ಲ ಅವರಿಗೂ ಗೊತ್ತಿರಲಿಲ್ಲ, ಆಗ ನನಗೂ ಗೊತ್ತಿರಲಿಲ್ಲ.

ಈ ಕಥೆಯನ್ನು ಇಷ್ಟುದ್ದ ಹೇಳಿದ್ದೇಕೆಂದರೆ, ಪತ್ರಿಕೆಗಳಲ್ಲಿ 'ಅಲ್ಲಿ ಬರ, ಆದ್ದರಿಂದ ಇಲ್ಲಿ ಬೆಲೆ ಏರಿಕೆ' ಎಂದು ಒಂದೇ ಸಾಲಿನಲ್ಲಿ ಬರುತ್ತದೆ. ಅದು ಕಥೆಯ ಮೊದಲ ತಿಂಗಳು ಮಾತ್ರ. ಕಾಫಿ ಗಿಡ ನೆಟ್ಟರೆ ಫಸಲಿಗೆ ಮೂರು ನಾಲ್ಕು ವರ್ಷ. ಹಾಗಾಗಿ ಒಂದು ಘಟನೆ ಮೊದಲು ಒಂದು ರೀತಿ, ಹಲವು ವರ್ಷಗಳ ನಂತರ ಅದಕ್ಕೆ ಪೂರಾ ತಿರುಗುಮುರುಗಾಗಿ ಬಂದು ತಟ್ಟುತ್ತದೆ. ಹಿಮ ಇಂದು ದರ ಏರಿಸುತ್ತದೆ. ಏರಿದ ದರ ನೋಡಿ ಯಾರೋ ಗಿಡ ನೆಡುತ್ತಾರೆ. ಅದೇ ಗಿಡ ಮುಂದೆ ಮತ್ಯಾರದೋ ಮೂರು ಎಕರೆ ಮಾರಿಸುತ್ತದೆ.

ಈಗಿನ ಏರಿಕೆಯೂ ಹಾಗೆಯೇ ಹಲವು ಎಳೆಗಳಿಂದ ಹೊಸೆದದ್ದು. ಬಹುಕಾಲ ದರ ತೀರಾ ಕಡಿಮೆ ಇದ್ದದ್ದರಿಂದ ವಿಯೆಟ್ನಾಂನ ಅನೇಕ ರೈತರು ಕಾಫಿ ಕಿತ್ತು ಡ್ಯೂರಿಯನ್ ಹಾಕಿದರು. ನೋಡಲು ನಮ್ಮ ಹಲಸಿನ ದೂರದ ನೆಂಟನಂಥ, ವಾಸನೆಗೆ ಕುಖ್ಯಾತವಾದ ಹಣ್ಣು ಅದು. 2022ರಲ್ಲಿ ಚೀನಾ ಅದನ್ನು ನೇರವಾಗಿ ತರಿಸಿಕೊಳ್ಳಲು ಒಪ್ಪಿದ ಮೇಲಂತೂ ಕಾಫಿಯನ್ನು ಕೇಳುವವರಿರಲಿಲ್ಲ. ಬೀಜಿಂಗ್‌ನ ಒಂದು ಸಹಿ, ಡಾಕ್ ಲಾಕ್‌ನಲ್ಲಿ ಕಾಫಿ ಗಿಡಕ್ಕೆ ಕೊಡಲಿ. ಉಳಿದ ಗಿಡಗಳಿಗೆ ಎಲ್ ನಿನೊ (ಪೆಸಿಫಿಕ್ ಸಾಗರ ಬಿಸಿಯಾಗಿ ಮಳೆ ಏರುಪೇರಾಗುವುದು) ವರ್ಷದ ಬರ ಬಡಿಯಿತು. ಬ್ರೆಜಿಲ್‌ನ ಅರೇಬಿಕಾ ಸೀಮೆ 2021ರ ಬರ ಮತ್ತು ಹಿಮದಿಂದ ಸರಿಯಾಗಿ ಚೇತರಿಸಿಕೊಂಡಿರಲಿಲ್ಲ, 2024ರಲ್ಲಿ ಮತ್ತೆ ಬರ.

ಕೆಂಪು ಸಮುದ್ರದ್ದು ಇನ್ನೂ ಸ್ವಾರಸ್ಯ. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಹಡಗುಗಳ ಮೇಲೆ ದಾಳಿ ಶುರು ಮಾಡಿದ ಮೇಲೆ ಸೂಯೆಜ್ ದಾರಿ ಬಿಟ್ಟು ಆಫ್ರಿಕಾದ ತುದಿ ಸುತ್ತಿಕೊಂಡು ಹೋಗುವುದು ಶುರುವಾಯಿತು. ಯುರೋಪ್ ಮುಟ್ಟಲು ಒಂದೂವರೆ ಎರಡು ವಾರ ಹೆಚ್ಚು, ಬಾಡಿಗೆಯೂ ಹೆಚ್ಚು. ಇದು ನಮಗೂ ವಿಯೆಟ್ನಾಂಗೂ ಕಷ್ಟ. ಬ್ರೆಜಿಲ್‌ಗೆ? ಅದರ ಹಡಗು ಅಟ್ಲಾಂಟಿಕ್ ದಾಟಿದರೆ ಯುರೋಪ್. ಸೂಯೆಜ್ ಅದಕ್ಕೆ ಬೇಕೇ ಇಲ್ಲ. 2024ರಲ್ಲಿ ಬ್ರೆಜಿಲ್‌ನ ರೋಬಸ್ಟಾ ಜಾತಿಯ ಕಾಫಿ ಯುರೋಪಿಗೆ ಹಿಂದೆಂದೂ ಇಲ್ಲದಷ್ಟು ಹೋಯಿತು. ಒಂದೇ ಕಲ್ಲು, ಒಬ್ಬನಿಗೆ ಎಡವುಗಲ್ಲು, ಇನ್ನೊಬ್ಬನಿಗೆ ಮೆಟ್ಟಿಲು.

ಇದರ ಜೊತೆಗೆ ಯುರೋಪಿನ ಒಂದು ಕಾನೂನು. 2020ರ ಡಿಸೆಂಬರ್ 31ರ ನಂತರ ಕಾಡು ಕಡಿದ ಜಾಗದಲ್ಲಿ ಬೆಳೆದ ಕಾಫಿಯನ್ನು ಅಲ್ಲಿ ಮಾರುವಂತಿಲ್ಲ, ತೋಟ ಎಲ್ಲಿದೆ ಎಂದು ನಕ್ಷೆ ಸಮೇತ ತೋರಿಸಬೇಕು. ಉದ್ದೇಶ ಒಳ್ಳೆಯದೇ. ಅದು 2024ರ ಕೊನೆಗೆ ಜಾರಿಯಾಗುತ್ತದೆ ಎಂದು ಗೊತ್ತಾದಾಗ ಕೊಳ್ಳುವವರು ಏನು ಮಾಡಿದರು? ಬಾಗಿಲು ಮುಚ್ಚುವ ಮುಂಚೆ ಸಂತೆ ಮುಗಿಸುವವರಂತೆ ಮೊದಲೇ ಕೊಂಡು ತುಂಬಿಕೊಂಡರು. ಕೊನೆಗೆ ಜಾರಿ ಒಂದು ವರ್ಷ, ಮತ್ತೊಂದು ವರ್ಷ ಎಂದು ಮುಂದಕ್ಕೆ ಹೋಯಿತು. ಬಾರದ ಕಾನೂನೂ ಬೆಲೆ ಏರಿಸಬಲ್ಲದು.

ಅಮೆರಿಕದ ಸುಂಕದ ವಿಷಯದಲ್ಲಿ ಹವಾಮಾನದ ನೆಪವೂ ಇಲ್ಲ. ಬ್ರೆಜಿಲ್‌ನ ಮಾಜಿ ಅಧ್ಯಕ್ಷ ಬೊಲ್ಸೊನಾರೊ ಮೇಲೆ ಅಲ್ಲಿನ ನ್ಯಾಯಾಲಯದಲ್ಲಿ ನಡೆಯುತ್ತಿದ್ದ ವಿಚಾರಣೆಯನ್ನೂ ಕಾರಣವಾಗಿ ಹೇಳಿ ಟ್ರಂಪ್ 2025ರ ಆಗಸ್ಟ್‌ನಿಂದ ಬ್ರೆಜಿಲ್ ಸರಕಿನ ಮೇಲೆ ಶೇ 50 ಸುಂಕ ಹಾಕಿದರು. ಜುಲೈನಲ್ಲಿ ಇಳಿಮುಖವಾಗಿದ್ದ ಕಾಫಿ ದರ ಮತ್ತೆ ಮೇಲೆದ್ದಿತು. ಅಮೆರಿಕನ್ನರೇ ತಮ್ಮ ಕಾಫಿ ಬಿಲ್ಲು ನೋಡಿ ಗೊಣಗತೊಡಗಿದ ಮೇಲೆ ನವೆಂಬರ್‌ನಲ್ಲಿ ಕಾಫಿಯನ್ನು ಆ ಸುಂಕದಿಂದ ಬಿಟ್ಟರು. ಈ ನಾಲ್ಕು ತಿಂಗಳ ಏರಿಳಿತದಲ್ಲಿ ಸುಂಕದ ಪಾಲಿಗಾಗಿ ಯಾವ ದೇಶದ ಯಾವ ಗಿಡದಿಂದಲೂ ಒಂದು ಎಲೆ ಉದುರಬೇಕಿರಲಿಲ್ಲ.

ಹಾಗಾದರೆ ವ್ಯಾಪಾರಿಗಳ ಆಟ ಇಲ್ಲವೇ? ಇದೆ. ಲಂಡನ್, ನ್ಯೂಯಾರ್ಕ್‌ನ ವಾಯಿದಾ ಪೇಟೆಯಲ್ಲಿ (ಮುಂದೆ ಕೊಡುವ ಸರಕಿಗೆ ಇಂದೇ ದರ ಕಟ್ಟುವ ಪೇಟೆ) ಜೀವಮಾನದಲ್ಲಿ ಕಾಫಿ ಚೀಲ ಮುಟ್ಟದವರೂ ಹಣ ಹಾಕುತ್ತಾರೆ. ಏರುವ ದರವನ್ನು ಇನ್ನಷ್ಟು ಏರಿಸುತ್ತಾರೆ, ಇಳಿಯುವುದನ್ನು ಇನ್ನಷ್ಟು ಇಳಿಸುತ್ತಾರೆ. ಆದರೆ ಗಾಳಿಯೇ ಇಲ್ಲದ ದಿನ ಗಾಳಿಪಟ ಹಾರಿಸುವ ವಿದ್ಯೆ ಅವರಿಗೂ ಗೊತ್ತಿಲ್ಲ. ಏರಿಕೆಯಲ್ಲಿ ಎಲ್ಲ ವ್ಯಾಪಾರಿಗಳೂ ದುಂಡಗಾದರು ಎಂದುಕೊಳ್ಳಬೇಡಿ. ವಿಯೆಟ್ನಾಂನಲ್ಲಿ ಕಡಿಮೆ ದರಕ್ಕೆ ಕೊಡುತ್ತೇನೆಂದು ಮಾತು ಕೊಟ್ಟಿದ್ದವರು ದರ ಏರಿದ ಮೇಲೆ ಸರಕು ಕೊಡದೆ ಕೈಯೆತ್ತಿದರು. ಅವರನ್ನು ನಂಬಿ ವಿದೇಶಕ್ಕೆ ಮಾತು ಕೊಟ್ಟಿದ್ದ ರಫ್ತುದಾರರು ಪೇಟೆಯಲ್ಲಿ ದುಬಾರಿಗೆ ಕೊಂಡು ನಷ್ಟ ತಿಂದರು.

ನಮ್ಮ ಬೆಳೆಗಾರರಲ್ಲೂ ಎಲ್ಲರೂ ಗೆದ್ದಿಲ್ಲ. ಬಹುಪಾಲು ಹಿಡುವಳಿಗಳು ಸಣ್ಣವು. ಸಾಲದ ಕಂತು, ಮಗಳ ಕಾಲೇಜು ಶುಲ್ಕ ಎಂದು ಸುಗ್ಗಿಯಲ್ಲೇ ಮಾರಿದವರು, ಗೋದಾಮಿನಲ್ಲಿ ಇಟ್ಟುಕೊಳ್ಳುವ ತ್ರಾಣ ಇದ್ದವರಿಗೆ ಆಮೇಲೆ ಸಿಕ್ಕ ದರ ನೋಡಿ ಕೈ ಹಿಸುಕಿಕೊಂಡರು. ಸೋದರಮಾವ ಈಗಿಲ್ಲ. ಅವರ ಮಗ ಉಳಿದ ಐದು ಎಕರೆಯ ಕಣಕ್ಕೆ ಸಿಸಿಟಿವಿ ಹಾಕಿಸಿದ್ದಾನೆ. ಕಾಫಿ ಕಳ್ಳತನ ಅಷ್ಟು ಹೆಚ್ಚಾಗಿದೆ. ಗಿಡದಲ್ಲಿರುವ ಹಣ್ಣನ್ನೇ ರಾತ್ರಿ ಸುಲಿದುಕೊಂಡು ಹೋಗುತ್ತಾರೆ. ಅಪ್ಪ ಕೊಯ್ಯಲೋ ಬೇಡವೋ ಎಂದು ನಿಂತಿದ್ದ ಕಣದಲ್ಲಿ ಮಗ ಟಾರ್ಚು ಹಿಡಿದು ಕಾವಲು ಕೂರುತ್ತಾನೆ. ಮೊನ್ನೆ ಫೋನ್ ಮಾಡಿ, ಪಕ್ಕದ ಗದ್ದೆ ಮಾರಾಟಕ್ಕಿದೆ, ಕೊಂಡು ರೋಬಸ್ಟಾ ಹಾಕಲೇ ಎಂದು ಕೇಳಿದ. ಅವನಂತೆ ಡಾಕ್ ಲಾಕ್‌ನಲ್ಲೂ ಬ್ರೆಜಿಲ್‌ನಲ್ಲೂ ಸಾವಿರಾರು ಜನ ಇದೇ ಪ್ರಶ್ನೆ ಕೇಳುತ್ತಿದ್ದಾರೆ, ಬೇಡ ಎಂದೆ. ಅವನು ನನ್ನ ಮಾತು ಕೇಳುವ ಹಾಗೆ ಕಾಣಲಿಲ್ಲ.

ಇನ್ನು ನಿಮ್ಮ ಗಲ್ಲಾಪೆಟ್ಟಿಗೆಯ ವಿಷಯ. ಹುರಿದಾಗ ಬೀಜದ ತೂಕ ಆರರಲ್ಲೊಂದು ಪಾಲು ಇಳಿಯುತ್ತದೆಂದು ನಿಮಗೆ ನಾನು ಹೇಳಬೇಕಿಲ್ಲ. ಹಸಿ ಬೀಜ ಕೆ.ಜಿ.ಗೆ 430 ಆದರೆ ಹುರಿದದ್ದು 516. ಇನ್ನೂ ಸೌದೆ, ವಿದ್ಯುತ್ತು, ಬಾಡಿಗೆ ಸೇರಿಲ್ಲ. ಚಿಕೋರಿ ಗುಜರಾತ್, ಉತ್ತರ ಪ್ರದೇಶದಿಂದ ಬರುವ ಬೇರು. ಲಂಡನ್ ದರಕ್ಕೂ ಅದಕ್ಕೂ ನಂಟಿಲ್ಲ. ಹಾಗಾಗಿ ಶೇ 20 ಇದ್ದದ್ದನ್ನು ಸದ್ದಿಲ್ಲದೆ ಶೇ 35 ಮಾಡುವ ಆಸೆ ಯಾರಿಗಾದರೂ ಬರುತ್ತದೆ. ಮಾಡಬೇಡಿ. ಬರ್ಲಿನ್‌ನವರ ಹಾಗೆ ನಿಮ್ಮ ಗಿರಾಕಿಗಳು ಪತ್ರ ಬರೆಯುವುದಿಲ್ಲ, ಸುಮ್ಮನೆ ಪಕ್ಕದ ರಸ್ತೆಯ ಅಂಗಡಿಗೆ ಹೋಗುತ್ತಾರೆ.

ಹೋಟೆಲಿನವರು ಕಪ್ಪಿನ ಬೆಲೆ ಐದು ರೂಪಾಯಿ ಏರಿಸಿ ನಿಮ್ಮ ಪುಡಿಯ ಕಡೆ ಬೆರಳು ತೋರಿಸಿದರೆ ಈ ಲೆಕ್ಕ ಕೊಡಿ. ಕಪ್ಪಿಗೆ 10 ಗ್ರಾಂ ಪುಡಿ ಎಂದರೆ ಕೆ.ಜಿ.ಗೆ ನೂರು ಕಪ್. ಪುಡಿ ಕೆ.ಜಿ.ಗೆ 200 ರೂಪಾಯಿ ಏರಿದರೂ ಕಪ್ಪಿಗೆ ಎರಡು ರೂಪಾಯಿ. 2025ರ ಏಪ್ರಿಲ್‌ನಲ್ಲಿ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಕಪ್ಪಿಗೆ 100 ಮಿ.ಲೀ. ಹಾಲು ಹಿಡಿದರೆ ಅದು 40 ಪೈಸೆ. ಉಳಿದದ್ದು ಗ್ಯಾಸು, ಸಂಬಳ, ಬಾಡಿಗೆ, ಮತ್ತು ಚಿಲ್ಲರೆ ಕೊಡುವ ತಾಪತ್ರಯ ತಪ್ಪಿಸಿಕೊಳ್ಳುವ ಸುಂಕ.

ಗಿರಾಕಿಗಳಿಗೆ ಬ್ರೆಜಿಲ್ ಕಥೆ ಹೇಳಿ ಪ್ರಯೋಜನವಿಲ್ಲ, ಅವರಿಗೆ ಆಫೀಸಿಗೆ ಹೊತ್ತಾಗಿರುತ್ತದೆ. ಅಂಗಡಿಯ ಮುಂದೆ ಒಂದು ಕಪ್ಪು ಹಲಗೆ ತೂಗುಹಾಕಿ. ವಾರಕ್ಕೊಮ್ಮೆ ಸೀಮೆಸುಣ್ಣದಲ್ಲಿ ಎರಡು ಸಾಲು: ನೀವು ಬೀಜ ಕೊಂಡ ದರ, ನೀವು ಪುಡಿ ಮಾರುವ ದರ. ಬೀಜ ಇಳಿದ ವಾರವೂ ಬರೆಯಬೇಕು, ಅಷ್ಟೇ ಷರತ್ತು. ದುಬಾರಿಗೆ ಕೊಂಡ ಹಳೆಯ ಚೀಲ ಖಾಲಿಯಾಗುವವರೆಗೆ ಪುಡಿ ಇಳಿಸಲು ನಿಮಗೆ ಆಗುವುದಿಲ್ಲ. ಅದನ್ನೂ ಮೂರನೇ ಸಾಲಾಗಿ ಬರೆದುಬಿಡಿ.